ಆರನೇ ಹಾಸಿಗೆಯ ಕಫದ ವರದಿ

ಹಲೋ… ಹಲೋ, ಐಸಿಯು ತಾನೇ? ಯಾರು ಮಾತಾಡ್ತಿರೋದು?

…

ಹಾಂ, ಟ್ರೈನಿ ಸಿಸ್ಟರಾ. ನಾನು ಕೆಳಗಡೆ ಲ್ಯಾಬಿಂದ. ಅಲ್ಲ, ರಕ್ತ ತೆಗೆಯೋ ಲ್ಯಾಬಲ್ಲ, ಅದು ಒಂದನೇ ಮಹಡಿ. ನಮ್ಮದು ನೆಲಮಾಳಿಗೆಯಲ್ಲಿ, ಲಾಂಡ್ರಿ ಪಕ್ಕ. ನೀವು ಕಫ, ಕೀವು ಎಲ್ಲ ಡಬ್ಬಿಯಲ್ಲಿ ಹಾಕಿ ಕಳಿಸ್ತೀರಲ್ಲ, ಅದನ್ನ ಬೆಳೆಸಿ ನೋಡೋ ಲ್ಯಾಬು.

…

ಇನ್ನೂ ಜೋರಾಗಿ ಮಾತಾಡಬೇಕಾ? ಇದೇ ನನ್ನ ಜೋರು. ಸರಿ, ರಿಸೀವರ್ ಬಾಯಿಗೇ ಒತ್ತಿ ಹಿಡ್ಕೊಂಡೆ. ಈಗ ಕೇಳಿಸ್ತಾ? ಡ್ಯೂಟಿ ಡಾಕ್ಟರ್ ಬೇಕಿತ್ತು.

…

ಸ್ಕ್ಯಾನಿಗೆ ಹೋಗಿದಾರಾ. ಬರೋದು ಎಷ್ಟು ಹೊತ್ತಾಗುತ್ತೆ? ಹಾಗಾದ್ರೆ ಹೆಡ್ ಸಿಸ್ಟರ್ ಇದಾರಾ? ಹಾಂ, ಅವರಿಗೇ ಕೊಡಿ. ಯಾರು ಅಂತ ಕೇಳಿದ್ರೆ ಲ್ಯಾಬಿಂದ ಅಂತ ಹೇಳಿ, ಸಾಕು.

…

ಹಲೋ, ಸಿಸ್ಟರ್, ನಾನು… ಚಿಕ್ಕಮ್ಮ, ನಾನೇ.

…

ಹೂಂ, ಫೋನಲ್ಲೇ. ಸೂರ್ಯ ಯಾವ ಕಡೆ ಹುಟ್ಟಿದ ಅಂತ ನೀನು ಕೇಳೇ ಕೇಳ್ತೀಯ ಅಂತ ಗೊತ್ತಿತ್ತು. ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಯ್ತು, ಒಂದು ಸಲನೂ ಈ ಫೋನ್ ಮುಟ್ಟಿರಲಿಲ್ಲ, ಹೌದು. ಊಟದ ಡಬ್ಬಿ ಮರೆತು ಬಂದಿಲ್ಲ. ಊಟ ಆಯ್ತು ಅಂತ ಇಟ್ಕೋ. ನಗಬೇಡ ಚಿಕ್ಕಮ್ಮ. ಆ ಫೋನಿನ ವೈರು ಎಷ್ಟು ಉದ್ದ ಬರುತ್ತೋ ಅಷ್ಟು ಆಚೆ ಬಾ. ಪಕ್ಕದಲ್ಲಿ ಯಾರಾದ್ರೂ ಇದಾರಾ?

…

ಆರನೇ ಹಾಸಿಗೆ ವಿಷಯ. ನಮ್ಮ ಟೈಲರ್ ಮಾಸ್ಟರ್ ವಿಷಯ. ಊಟದ ಹೊತ್ತಲ್ಲಿ ಲಾಂಡ್ರಿಯವರು ಮಾತಾಡ್ಕೊಳ್ತಿದ್ರು, ಮೂರು ಗಂಟೆಗೆ ಅವರ ಟ್ಯೂಬ್ ತೆಗೀತಾರಂತೆ, ವೆಂಟಿಲೇಟರ್ ನಿಲ್ಲಿಸ್ತಾರಂತೆ ಅಂತ. ನಿಜಾನಾ?

…

ಮಗಳು ಒಪ್ಪಿದ್ರಾ. ಸಹಿ? ಇನ್ನೂ ಇಲ್ಲ ಅಲ್ವಾ? ಡಾಕ್ಟರ್ ಸ್ಕ್ಯಾನಿಂದ ಬಂದ ಮೇಲೆ. ಈಗ ಎರಡೂ ಇಪ್ಪತ್ತು. ಚಿಕ್ಕಮ್ಮ, ಮಗಳಿಗೆ ಡಾಕ್ಟರ್ ಏನಂತ ಹೇಳಿದ್ರು? ಅವರು ಹೇಳಿದ ಮಾತು ಹಾಗ್ಹಾಗೇ ಹೇಳು.

…

"ಸರಿಯಾದ ಔಷಧಿಯನ್ನೇ ನಾಲ್ಕು ದಿನ ಕೊಟ್ಟಿದ್ದೇವೆ, ದೇಹವೇ ಕೈಬಿಟ್ಟಿದೆ."

…

ಇಲ್ಲ, ಅಳ್ತಿಲ್ಲ. ಮೂಗು ಕಟ್ಟಿದೆ ಅಷ್ಟೇ. ನಾನು ಒಂದು ವಿಷಯ ಹೇಳ್ತೀನಿ, ಪೂರ್ತಿ ಕೇಳು. ಮಧ್ಯೆ ಬಾಯಿ ಹಾಕಬೇಡ, ನೀನು ಮಧ್ಯೆ ಮಾತಾಡಿದ್ರೆ ನನಗೆ ಮಾತು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಡೈರಿ ಮುಂದಿದೆ. ಅದರಲ್ಲಿ ಬರೆದಿರೋದನ್ನ ಓದಿಬಿಡ್ತೀನಿ. ಓದೋದಾದ್ರೆ ನನಗೆ ಬರುತ್ತೆ.

…

"ಸೋಮವಾರ, ಹನ್ನೊಂದು ಗಂಟೆ ಹತ್ತು ನಿಮಿಷ. ಐಸಿಯುವಿನ ಕಫದ ಪ್ಲೇಟುಗಳನ್ನು ಇನ್‌ಕ್ಯುಬೇಟರಿನಿಂದ ತೆಗೆದೆ. ದೊಡ್ಡ ಔಷಧಿಯ ಬಿಲ್ಲೆಯ ಸುತ್ತ ಚೆನ್ನಾಗಿ ಬಯಲಾಗಿದೆ, ಇಪ್ಪತ್ತಮೂರು ಮಿಲಿಮೀಟರು. ಆದರೆ ಆ ಬಯಲಿನೊಳಗೆ ಐದು ಚುಕ್ಕೆಗಳಿವೆ. ಸಾಸಿವೆಗಿಂತ ಸಣ್ಣವು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತವೆ. ಇವು ಅಲ್ಲಿರಬಾರದು. ನನ್ನ ಕೈಯಿಂದಲೇ ಬಿದ್ದಿರಬೇಕು. ಈ ತಿಂಗಳಲ್ಲಿ ಇದು ಮೂರನೆಯ ಸಲ. ಲ್ಯಾಬಿನ ಮುಖ್ಯಸ್ಥೆ ಮೇಡಂ ಎದುರು ಇನ್ನೊಮ್ಮೆ ತಲೆ ತಗ್ಗಿಸಿ ನಿಲ್ಲಲು ನನ್ನಿಂದಾಗದು."

…

ದೊಡ್ಡ ಔಷಧಿ ಅಂದ್ರೆ ನೀವು ಮಾಸ್ಟರಿಗೆ ಕೊಡ್ತಿರೋದೇ. ಬಿಲ್ಲೆ ಅಂದ್ರೆ ಔಷಧಿ ಹೀರಿಸಿರೋ ಕಾಗದದ ಚೂರು. ಗುಂಡಗಿರುತ್ತೆ, ಅಂಗಿ ಗುಂಡಿಯಷ್ಟು. ಪ್ಲೇಟಿನ ತುಂಬಾ ಪೇಷೆಂಟಿನ ಬ್ಯಾಕ್ಟೀರಿಯಾನ ಬಳಿದು ಅದರ ಮೇಲೆ ಈ ಬಿಲ್ಲೆ ಇಡ್ತೀವಿ. ಔಷಧಿ ಕೆಲಸ ಮಾಡಿದ್ರೆ ಬಿಲ್ಲೆ ಸುತ್ತ ಏನೂ ಬೆಳೆಯಲ್ಲ, ಬಯಲಾಗಿ ಉಳಿಯುತ್ತೆ. ಆ ಬಯಲನ್ನ ಅಳೆದು ನಾವು ಬರೆಯೋದು, ಈ ಔಷಧಿ ಕೆಲಸ ಮಾಡುತ್ತೆ ಅಂತ. ನೀವು ಮೇಲೆ ಅದನ್ನ ನೋಡಿ ಡ್ರಿಪ್ ಏರಿಸೋದು.

…

ಅದೇ, ಐದು ಚುಕ್ಕೆ ಇತ್ತು. ಬಯಲೊಳಗೆ ಒಂದು ಚುಕ್ಕೆ ಕಂಡ್ರೂ ಕೆಲಸ ಮಾಡುತ್ತೆ ಅಂತ ಬರೆಯೋ ಹಾಗಿಲ್ಲ. ಅದನ್ನ ಎತ್ತಿ ಬೇರೆ ಪ್ಲೇಟಲ್ಲಿ ಬೆಳೆಸಬೇಕು, ವರದಿ ತಡೆಹಿಡೀಬೇಕು. ಅದು ಲ್ಯಾಬಿನ ಮೊದಲನೇ ನಿಯಮ. ಗೋಡೆಗೆ ಅಂಟಿಸಿದಾರೆ, ನಾನು ಕೂತ್ಕೊಳ್ಳೋ ಜಾಗದ ಎದುರಿಗೇ.

…

ಬರೆದೆ. ಕೆಲಸ ಮಾಡುತ್ತೆ ಅಂತಲೇ ಬರೆದೆ. ಚುಕ್ಕೆ ವಿಷಯ ಬರೀಲಿಲ್ಲ.

…

ಯಾಕೆ ಅಂದ್ರೆ ಏನು ಹೇಳಲಿ. ಹೋದ ಸಲ ನನ್ನ ಪ್ಲೇಟಲ್ಲಿ ಹೊರಗಿಂದ ಬಿದ್ದದ್ದು ಬೆಳೆದಿತ್ತು, ಆಗ ಮೇಡಂ ಎಲ್ಲರ ಎದುರಿಗೆ ಕೇಳಿದ್ರು, ಕೈ ತೊಳೀತೀಯೋ ಇಲ್ಲವೋ ಅಂತ. ಜೋರೂ ಮಾಡಲಿಲ್ಲ ಅವರು. ಮೆಲ್ಲಗೇ ಕೇಳಿದ್ರು. ಅದಕ್ಕೇ ಇನ್ನೂ ಹೆಚ್ಚು ಚುಚ್ಚಿತು. ನಿನಗೆ ನಾನು ಅದನ್ನ ಹೇಳಿರಲಿಲ್ಲ. ಸೋಮವಾರ ಮತ್ತೆ ಐದು ಚುಕ್ಕೆ ನೋಡಿದೆ. ಇದೂ ನನ್ನ ಕೈಯದೇ ಅಂದ್ಕೊಂಡೆ. ಮೇಡಂಗೆ ತೋರಿಸಬೇಕಲ್ಲ ಅನ್ನೋ ಒಂದೇ ಯೋಚನೆ. ಇದು ಯಾರ ಕಫ ಅಂತ ಚೀಟಿ ತಿರುಗಿಸಿ ನೋಡಲೂ ಇಲ್ಲ. ನಂಬರು ಮಾತ್ರ ಬರ್ಕೊಂಡೆ.

…

ಹಾಂ, ಆ ಐದನ್ನೂ ಬಿಸಾಕಲಿಲ್ಲ. ಅದೊಂದು ಮಾಡಿದೆ. ಸೂಜಿಯಲ್ಲಿ ಎತ್ತಿ ಬೇರೆ ಪ್ಲೇಟಿಗೆ ಹಾಕಿ, ಇನ್‌ಕ್ಯುಬೇಟರಲ್ಲಿ ಎಲ್ಲಕ್ಕಿಂತ ಹಿಂದೆ, ಹಳೇ ಡಬ್ಬಿಗಳ ಮರೆಯಲ್ಲಿಟ್ಟೆ. ಕಳ್ಳಿ ಥರ. ಹೊರಗಿನ ಕಸ ಅಂತ ಗೊತ್ತಾಗಿಬಿಟ್ರೆ ಮನಸ್ಸಿಗೆ ಸಮಾಧಾನ ಆಗುತ್ತಲ್ಲ ಅಂತ.

…

ಬುಧವಾರ ಅದರ ಮೇಲೆ ಬಿಲ್ಲೆ ಇಟ್ಟು ನೋಡಿದೆ. ಬಯಲೇ ಇಲ್ಲ ಚಿಕ್ಕಮ್ಮ. ಬಿಲ್ಲೆಯ ಅಂಚಿನವರೆಗೂ ಒತ್ತೊತ್ತಾಗಿ ಬೆಳೆದಿತ್ತು. ಆಗಲೂ ನಾನು, ಇದು ಯಾವುದೋ ಬೇರೆ ಜಾತಿ, ಗಾಳಿಯಿಂದ ಬಂದದ್ದು, ಆ ಕಫದ್ದಲ್ಲ ಅಂತಲೇ ನಂಬಿದೆ. ಹಾಗೆ ನಂಬೋದು ಸುಲಭ ಇತ್ತು.

…

ಬೇರೆ ಜಾತಿ ಅಲ್ಲ. ನಿನ್ನೆ ಬೇರೆಯವರ ಸ್ಯಾಂಪಲ್ ಜೊತೆ ಮೆಷೀನಲ್ಲಿ ಎರಡು ಜಾಗ ಖಾಲಿ ಇತ್ತು, ಯಾರನ್ನೂ ಕೇಳದೆ ಅದರಲ್ಲಿ ಹಾಕಿದೆ. ಜೀನ್ ಪರೀಕ್ಷೆ. ಬೆಳಿಗ್ಗೆ ಬಂತು. ಕಫದಲ್ಲಿದ್ದದ್ದು, ಚುಕ್ಕೆಯಲ್ಲಿದ್ದದ್ದು, ಎರಡೂ ಒಂದೇ. ಟ್ಯೂಬಿಗೆ ಲೋಳೆ ಥರ ಅಂಟಿಕೊಳ್ಳೋಕೆ ಒಂದು ಜೀನ್ ಬೇಕು, ಅದು ಎರಡರಲ್ಲೂ ಇದೆ. ಉಳಿದ ಗುರುತುಗಳೂ ಅಷ್ಟೇ. ಒಂದೇ ತಾಯಿ ಮಕ್ಕಳು. ಒಂದೇ ಒಂದು ವ್ಯತ್ಯಾಸ. ದೊಡ್ಡ ಔಷಧಿಯನ್ನ ಮುರಿಯೋ ಜೀನ್ ಇದೆಯಲ್ಲ, ಅದು ಎಲ್ಲದರಲ್ಲೂ ಒಂದೊಂದು ಇದೆ. ಒಂದಿದ್ರೆ ಏನೂ ಆಗಲ್ಲ, ಔಷಧಿಯೇ ಗೆಲ್ಲುತ್ತೆ. ಆದರೆ ಆ ಚುಕ್ಕೆಗಳಲ್ಲಿ ಅದೇ ಜೀನಿನ ಪ್ರತಿ ಮೇಲೆ ಪ್ರತಿ. ಇಪ್ಪತ್ತು, ಮೂವತ್ತು. ಅದು ಔಷಧಿಯನ್ನ ಮುರಿದು ಹಾಕುತ್ತೆ.

…

ಹೂಂ, ನೀನು ಅಂದದ್ದು ಸರಿ. ಲಕ್ಷಕ್ಕೆ ಒಂದೋ ಎರಡೋ ಅಂಥವು ಇದ್ದವು. ನಾವು ಔಷಧಿ ಕೊಟ್ಟು ಉಳಿದದ್ದನ್ನೆಲ್ಲ ಕೊಂದು ಅವಕ್ಕೆ ಜಾಗ ಮಾಡಿಕೊಟ್ವಿ. ನಿನ್ನೆ ನೀವು ಎರಡನೇ ಕಫ ಕಳಿಸಿದ್ರಲ್ಲ, ಅದರ ವರದಿ ನಾಳೆ ಬರಬೇಕು. ಪ್ಲೇಟು ಈಗಷ್ಟೇ ತೆಗೆದು ನೋಡಿದೆ. ಅದರಲ್ಲೂ ಬಯಲಿಲ್ಲ. ಈಗ ಮಾಸ್ಟರ್ ಎದೆಯಲ್ಲಿ ಇರೋದು ಬರೀ ಅವೇ.

…

ಹೂಂ, ಬರೀ ಅವೇ ಚಿಕ್ಕಮ್ಮ.

…

ಏನಾದ್ರೂ ಬೈದುಬಿಡು.

…

ಗೊತ್ತು. ನಿನ್ನ ಮಾತಿನ ಮೇಲೆ ಕೆಲಸ ಕೊಟ್ಟಿದ್ದು ಅಂತ ಗೊತ್ತು. ಮೇಡಂಗೆ ಫೋನ್ ಮಾಡಿದೆ. ಅವರು ಯಾವುದೋ ಸಭೆಗೆ ಹೋಗ್ತಾ ದಾರಿಯಲ್ಲಿದಾರೆ. ಸೋಮವಾರ ಬಂದು ಪ್ಲೇಟನ್ನ ಕಣ್ಣಾರೆ ನೋಡ್ತಾರಂತೆ, ತಿದ್ದಿದ ವರದಿಗೆ ಆಮೇಲೆ ಸಹಿಯಂತೆ, ಅಲ್ಲಿವರೆಗೆ ನಾನು ಯಾರ ಹತ್ತಿರವೂ ಬಾಯಿ ಬಿಡಬಾರದಂತೆ. ನಾನು ಮೂರು ಗಂಟೆ ಅಂತ ಹೇಳೋಷ್ಟರಲ್ಲಿ ಸಿಗ್ನಲ್ ಹೋಯ್ತು. ಆಮೇಲೆ ಹತ್ತಲಿಲ್ಲ.

…

ಏನಂತ ಹೇಳ್ತೀಯ ಡಾಕ್ಟರಿಗೆ?

…

"ಹೊಸ ಸೋಂಕು ಬಂದಿದೆ" ಅಂತ. ನನ್ನ ಹೆಸರೇ ಬರದ ಹಾಗೆ. ಎರಡನೇ ಕಫದಲ್ಲಿ ಈಗ ತಾನೇ ಕಂಡಿತು ಅಂತ.

…

ಚಿಕ್ಕಮ್ಮ, ನೀನು ನನ್ನ ಒಳ್ಳೇದಕ್ಕೇ ಹೇಳ್ತಿದೀಯ. ಆದರೆ ಯೋಚನೆ ಮಾಡು. ಹೊಸ ಸೋಂಕು ಅಂದ್ರೆ ಡಾಕ್ಟರ್ ಏನಂತಾರೆ? ನಾಲ್ಕು ದಿನ ಸರಿಯಾದ ಔಷಧಿ ಕೊಟ್ಟೂ ಏಳದ ಮನುಷ್ಯ, ಅದರ ಮೇಲೆ ಇನ್ನೊಂದು ಬಂತು, ಇನ್ನು ಹಿಂಸೆ ಕೊಡೋದು ಬೇಡ ಅಂತಾರೆ. ಮೂರು ಗಂಟೆ ಮೂರು ಗಂಟೆಯಾಗೇ ಇರುತ್ತೆ. ಅವರಿಗೆ ತಿಳೀಬೇಕಾದ್ದು ಅದಲ್ಲ. ಮಾಸ್ಟರ್ ದೇಹ ಸೋತಿಲ್ಲ, ಅದಕ್ಕೆ ಸರಿಯಾದ ಔಷಧಿ ಒಂದು ದಿನವೂ ಸಿಕ್ಕಿಲ್ಲ. ನನ್ನ ವರದಿ ತಪ್ಪು ಅಂತ ಹೇಳದೆ ಅದನ್ನ ಹೇಳೋಕಾಗಲ್ಲ. ನಾನು ಬೆಳಿಗ್ಗೆಯಿಂದ ಬೇರೆ ದಾರಿ ಇದೆಯಾ ಅಂತ ಹುಡುಕಿದೆ. ಇಲ್ಲ.

…

ಔಷಧಿನಾ? ಇದೆ. ಹಳೇ ಔಷಧಿ ಇದೆಯಲ್ಲ, ಕಿಡ್ನಿಗೆ ಕಷ್ಟ ಅಂತ ಯಾರೂ ಮುಟ್ಟದೇ ಇರೋದು. ಅದರ ಬಿಲ್ಲೆನೂ ಇಟ್ಟಿದ್ದೆ. ಇಪ್ಪತ್ತು ಮಿಲಿಮೀಟರ್ ಬಯಲು. ಒಳಗೆ ಏನೂ ಇಲ್ಲ. ಓರೆ ಹಿಡಿದು ನೋಡಿದೆ, ಲೆನ್ಸ್ ಇಟ್ಟು ನೋಡಿದೆ, ದೀಪ ಆರಿಸಿ ಟಾರ್ಚ್ ಹಾಕಿ ನೋಡಿದೆ. ಏನೂ ಇಲ್ಲ.

…

ಕಿಡ್ನಿ ಈಗಲೇ ಕುಂಟುತ್ತಿದೆ ಅಂತ ಗೊತ್ತು. ಅದನ್ನ ಡಾಕ್ಟರ್ ತೂಗಲಿ. ಆದರೆ ತಕ್ಕಡಿಯ ಈ ಕಡೆ ನಾನು ಸುಳ್ಳು ಕಲ್ಲು ಇಟ್ಟಿದೀನಿ, ಮೊದಲು ಅದನ್ನ ತೆಗೀಬೇಕು.

…

ಇಲ್ಲ, ಮಾಸ್ಟರ್ ಅನ್ನೋ ಕಾರಣಕ್ಕಲ್ಲ. ಯಾರೇ ಆಗಿದ್ರೂ ಹೇಳ್ತಿದ್ದೆ ಅಂತ ಅಂದ್ಕೊಂಡಿದೀನಿ. ಅದೂ ಸುಳ್ಳಿರಬಹುದು. ಬೆಳಿಗ್ಗೆ ಚೀಟಿ ತಿರುಗಿಸಿ ಹೆಸರು ಓದಿದ ಮೇಲೇ ಮೇಡಂಗೆ ಫೋನ್ ಮಾಡಿದ್ದು ಅನ್ನೋದು ನಿಜ. ನಮ್ಮ ಪಕ್ಕದ ರೂಮಲ್ಲೇ ತಾನೇ ಅವರು ಕೂರ್ತಿದ್ದದ್ದು, ಆಸ್ಪತ್ರೆಯ ಹರಿದ ಬೆಡ್‌ಶೀಟುಗಳ ರಾಶಿ ನಡುವೆ. ಸೇರಿದ ದಿನ ಕೋಟಿನ ಅಳತೆ ತಗೊಳ್ಳೋಕೆ ಹೋಗಿದ್ದೆ. ಅಳತೆ ಕೊಡೋಕೂ ನಾಚಿಕೆ ನನಗೆ. ಅವರು ಟೇಪ್ ಮುಟ್ಟಲೇ ಇಲ್ಲ, ದೂರದಿಂದ ಒಂದು ಸಲ ನೋಡಿ ಬರ್ಕೊಂಡ್ರು. ಕೋಟು ಬಂದಾಗ ಜೇಬು ಎಲ್ಲರದಕ್ಕಿಂತ ಆಳ. ಕೇಳಿದ್ದಕ್ಕೆ, ನಿನ್ನ ಕೈಗೆ ಅಡಗಿಕೊಳ್ಳೋಕೆ ಜಾಗ ಬೇಕಲ್ಲಮ್ಮ ಅಂದ್ರು. ಅಷ್ಟೇ ಮಾತು ನಮ್ಮಿಬ್ಬರದ್ದು, ಒಂದೂವರೆ ವರ್ಷದಲ್ಲಿ.

…

ಹೂಂ. ಕೆಲಸ ಮುಗಿಸಿ ಮನೆಗೆ ನಡ್ಕೊಂಡು ಹೋಗ್ತಿದ್ದ ಮನುಷ್ಯನ್ನ ಯಾರೋ ಗಾಡಿಯಲ್ಲಿ ಗುದ್ದಿ ಹೋದ್ರು. ಪಕ್ಕೆಲುಬು ಎದೆಗೆ ಚುಚ್ಚಿತು, ಅದು ಯಾರ ಕೈಯಲ್ಲೂ ಇರಲಿಲ್ಲ. ಆದರೆ ಟ್ಯೂಬ್ ಹಾಕಿದ ಮೇಲೆ ಬಂದ ನ್ಯುಮೋನಿಯಾ ನಮ್ಮ ಕೈಯಲ್ಲಿತ್ತು. ನನ್ನ ಕೈಯಲ್ಲಿತ್ತು.

…

ಹೋದ್ರೆ ಹೋಗಲಿ ಕೆಲಸ. ನೀನು ಮೇಡಂ ಎದುರು ಏನು ಮುಖ ಇಟ್ಕೊಂಡು ಓಡಾಡ್ತೀಯೋ ಅನ್ನೋದೇ ನನಗೆ ಸಂಕಟ. ನನ್ನ ಓದಿಸಿದ್ದು ನೀನು. ಅಮ್ಮನಿಗಿಂತ ಹೆಚ್ಚು ನೋಡ್ಕೊಂಡಿದೀಯ. ಕ್ಷಮಿಸು ಅಂತ ಮನೆಗೆ ಬಂದು ಕೇಳ್ತೀನಿ, ಈಗ ಹೊತ್ತಿಲ್ಲ. ಎರಡೂ ನಲವತ್ತು ಆಯ್ತು.

…

ಬಂದ್ರಾ? ಡಾಕ್ಟರ್ ಬಂದ್ರಾ? ಅವರ ಕೈಗೆ ಫೋನ್ ಕೊಡು ಚಿಕ್ಕಮ್ಮ. ನೀನು ಹೇಳಬೇಡ. ನಾನೇ ಹೇಳ್ತೀನಿ.

…

ಅಳಬೇಡ. ಅಲ್ಲಿ ಎಲ್ಲರೂ ನೋಡ್ತಿರ್ತಾರೆ. ಕೊಡು.

…

ಹಲೋ, ಸರ್. ನಾನು ಮೈಕ್ರೋಬಯಾಲಜಿ ಲ್ಯಾಬಿನ ಟೆಕ್ನಿಷಿಯನ್. ಆರನೇ ಹಾಸಿಗೆಯ ವರದಿ… ಸೋಮವಾರದ್ದು… ಅದು ತಪ್ಪು ಸರ್.

…

ಅದೇ. ದೊಡ್ಡ ಔಷಧಿ ಕೆಲಸ ಮಾಡುತ್ತೆ ಅಂತ ಬಂದದ್ದು. ಬಯಲೊಳಗೆ ಐದು ಕಾಲನಿ ಇತ್ತು, ನಾನು ಅದನ್ನ ಬರೀಲಿಲ್ಲ. ಬೆಳೆಸಿ ನೋಡಿದೆ, ಅವು ಪೂರ್ತಿ ನಿರೋಧಕ. ಜೀನ್ ಪರೀಕ್ಷೆಯಲ್ಲಿ ಅದೇ ತಳಿ ಅಂತ ಖಚಿತ ಆಗಿದೆ, ಔಷಧಿ ಮುರಿಯೋ ಜೀನಿನ ಪ್ರತಿಗಳು ಹೆಚ್ಚಾಗಿವೆ. ಎರಡನೇ ಸ್ಯಾಂಪಲಲ್ಲಿ ಈಗ ಅವು ಬಿಟ್ಟು ಬೇರೆ ಇಲ್ಲ. ನಾಲ್ಕು ದಿನದಿಂದ ಅವರಿಗೆ ಹೋಗ್ತಿರೋ ಔಷಧಿ ಅವರ ಬ್ಯಾಕ್ಟೀರಿಯಾಗೆ ತಾಗ್ತಾ ಇಲ್ಲ ಸರ್.

…

ನಾನೇ. ನೋಡಿದ್ದೂ ನಾನೇ, ಬರೆದಿದ್ದೂ ನಾನೇ. ಮೇಡಂ ನಾನು ಬರೆದದ್ದರ ಮೇಲೆ ಸಹಿ ಮಾಡಿದ್ರು, ಅವರು ಪ್ಲೇಟ್ ನೋಡಿರಲಿಲ್ಲ.

…

ಹೌದು ಸರ್.

…

ಹೌದು. ಬುಧವಾರವೇ ಹೇಳಬಹುದಿತ್ತು. ಹೇಳಲಿಲ್ಲ.

…

ಬೈಯಿರಿ ಸರ್, ನಾನು ಆಮೇಲೆ ಮೇಲೆ ಬಂದು ನಿಲ್ತೀನಿ, ಎಷ್ಟು ಬೇಕಾದ್ರೂ ಬೈಯಿರಿ. ಈಗ ಹಳೇ ಔಷಧಿ ವಿಷಯ ಕೇಳಿ. ಇಪ್ಪತ್ತು ಮಿಲಿಮೀಟರ್, ಸ್ವಚ್ಛವಾಗಿದೆ. ಎರಡು ಪ್ಲೇಟಲ್ಲೂ. ಫೋಟೋ ತೆಗೆದಿದೀನಿ, ಹೆಡ್ ಸಿಸ್ಟರ್ ಮೊಬೈಲಿಗೆ ಕಳಿಸಿದೀನಿ, ನೋಡಿ.

…

ಕಾಯ್ತೀನಿ.

…

ಹಾಂ, ಎಡಗಡೆಯದು ಹಳೇ ಔಷಧಿ. ಬಲಗಡೆ ಬಿಲ್ಲೆ ಕಾಣದ ಹಾಗೆ ಬೆಳೆದಿದೆಯಲ್ಲ, ಅದು ನಾವು ಕೊಡ್ತಿರೋದು.

…

ಉಳಿಯೋ ಸಾಧ್ಯತೆ ಹತ್ತರಲ್ಲಿ ಎರಡು. ಈಗ ಶುರು ಮಾಡಿದ್ರೆ. ಕಿಡ್ನಿಗೆ ಮೆಷೀನ್ ಬೇಕಾಗಬಹುದು, ಅರ್ಥ ಆಯ್ತು.

…

ಸೋಮವಾರವೇ ಶುರು ಮಾಡಿದ್ದಿದ್ರೆ ಏಳು.

…

ಅರ್ಥ ಆಯ್ತು ಸರ್.

…

ನನ್ನಿಂದಾನಾ? ಮಗಳ ಹತ್ತಿರ ನಾನು ಮಾತಾಡಬೇಕಾ? ಸರ್, ನನಗೆ ಅಪರಿಚಿತರ ಹತ್ತಿರ… ಇಲ್ಲ, ಹಾಗಲ್ಲ. ನೀವು ಹೇಳೋದು ಸರಿ. ಬೆಳಿಗ್ಗೆ ಒಂದು ಹೇಳಿ ಮಧ್ಯಾಹ್ನ ಇನ್ನೊಂದು ಹೇಳಿದ್ರೆ ನಿಮ್ಮನ್ನ ಅವರು ಯಾಕೆ ನಂಬಬೇಕು. ಕೊಡಿ.

…

ಸರಿ. ಈಗಿನದು ಮಾತ್ರ ಹೇಳ್ತೀನಿ. ಸೋಮವಾರದ ಲೆಕ್ಕ ಬಾಯಿಗೆ ತರಲ್ಲ. ಅವರಾಗಿ ಕೇಳಿದ್ರೂ ಹೇಳಬಾರದು, ಅಲ್ವಾ. ಸರಿ ಸರ್.

…

ಹಲೋ.

…

ಹಾಂ ಅಕ್ಕ, ಲ್ಯಾಬಿನವಳು. ನಿಮ್ಮ ತಂದೆಯ ಕಫ ಪರೀಕ್ಷೆ ಮಾಡಿದವಳು. ಡಾಕ್ಟರ್ ಏನಾದ್ರೂ ಹೇಳಿದ್ರಾ?

…

"ಹೊಸ ವರದಿ ಬಂದಿದೆ, ಇವಳು ಹೇಳ್ತಾಳೆ." ಅಷ್ಟೇನಾ. ಹೊಸದೂ ಬಂದಿದೆ, ಅದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ಹಳೇ ವರದಿ ತಪ್ಪಾಗಿತ್ತು. ತಪ್ಪು ಮಾಡಿದ್ದು ನಾನು. ನಿಮ್ಮ ತಂದೆಗೆ ನಾಲ್ಕು ದಿನದಿಂದ ಕೊಡ್ತಿರೋ ಔಷಧಿ ಅವರ ಕಾಯಿಲೆಗೆ ತಾಗೋದಲ್ಲ. ದೇಹ ಸ್ಪಂದಿಸ್ತಿಲ್ಲ ಅಂತ ನಿಮಗೆ ಹೇಳಿದ್ರಲ್ಲ, ಅದು ನಾನು ಬರೆದ ವರದಿಯನ್ನ ನಂಬಿ ಹೇಳಿದ್ದು.

…

ಕೂತ್ಕೊಳ್ಳಿ. ಅಲ್ಲಿ ಗೋಡೆ ಪಕ್ಕ ಒಂದು ಸ್ಟೂಲ್ ಇರುತ್ತೆ, ಸಿಸ್ಟರ್ ಕೊಡ್ತಾರೆ. ಕೂತ್ರಾ?

…

ಗೊತ್ತಿಲ್ಲ ಅಕ್ಕ. ಬೇರೆ ಔಷಧಿ ಕೊಟ್ರೆ ಹತ್ತರಲ್ಲಿ ಎರಡು ಅಂತ ಡಾಕ್ಟರ್ ಹೇಳ್ತಾರೆ. ನಾನು ನೋಡಿರೋದು ಪ್ಲೇಟಲ್ಲಿ ಮಾತ್ರ. ಪ್ಲೇಟಲ್ಲಿ ಅದು ಕೊಲ್ಲುತ್ತೆ. ನಿಮ್ಮ ತಂದೆಯ ಎದೆಯಲ್ಲಿ ಏನಾಗುತ್ತೋ ನನಗೆ ಗೊತ್ತಿಲ್ಲ. ಕಿಡ್ನಿ ಇನ್ನೂ ಕೆಡಬಹುದು. ಎರಡು ಮೂರು ದಿನ ಹೀಗೇ ನರಳಿ ಆಮೇಲೂ ಹೋಗಬಹುದು. ಅದನ್ನೂ ನಿಮಗೆ ಹೇಳಲೇಬೇಕು.

…

ಹೂಂ.

…

ಯಾವಾಗ? ಅವರಿಗೆ ಬೆಳಿಗ್ಗೆನೇ ಹೇಳಿಬಿಟ್ರಾ. ಕಿವಿ ಹತ್ತಿರ ಬಗ್ಗಿ.

…

"ಸಾಕಪ್ಪ, ನೀನು ಹೊರಡು" ಅಂತ.

…

ಇಲ್ಲ, ನೀವು ತಪ್ಪು ಮಾಡಿಲ್ಲ. ನಿಮಗೆ ಹೇಳಿದ್ದನ್ನ ನಂಬಿ ಹೇಳಿದ್ರಿ. ರಾತ್ರಿಯೆಲ್ಲ ಕೂತು ಮನಸ್ಸು ಗಟ್ಟಿ ಮಾಡ್ಕೊಂಡು ಹೇಳಿರ್ತೀರ. ಈಗ ನಾನು ಬಂದು ಅದನ್ನ ಪೂರ್ತಿ ಬಿಚ್ಚಿ ಹಾಕ್ತಿದೀನಿ, ಗೊತ್ತು. ಎರಡನೇ ಸಲ ನಿಮ್ಮ ಕೈಯಲ್ಲಿ ತೀರ್ಮಾನ ಮಾಡಿಸ್ತಿದೀನಿ. ಮಾಡದೇ ಬಿಟ್ರೂ ನಿಮ್ಮನ್ನ ಯಾರೂ ಏನೂ ಅನ್ನಲ್ಲ. ನಾನಂತೂ ಅನ್ನೋ ಹಾಗೇ ಇಲ್ಲ.

…

ಕೇಳಿಸುತ್ತೋ ಇಲ್ಲವೋ. ಅಷ್ಟು ನಿದ್ದೆ ಔಷಧಿ ಕೊಟ್ಟಿರ್ತಾರೆ. ಕೇಳಿಸುತ್ತೆ ಅಂತ ಸಿಸ್ಟರ್ ಹೇಳ್ತಾರೆ, ಅವರು ಇಪ್ಪತ್ತು ವರ್ಷದಿಂದ ನೋಡಿದಾರೆ. ಹೋಗಿ ಹೇಳಿ. ಹೊರಡು ಅಂದವರೇ ಇರು ಅಂತನೂ ಹೇಳಬಹುದು.

…

ಕಾಯ್ತೀನಿ. ಎಷ್ಟು ಹೊತ್ತಾದ್ರೂ ಕಾಯ್ತೀನಿ.

…

ಚಿಕ್ಕಮ್ಮ? ನೀನಾ ಹಿಡ್ಕೊಂಡಿರೋದು? ಏನು ಮಾಡ್ತಿದಾರೆ ಅವರು?

…

ಕೈ ಹಿಡ್ಕೊಂಡಿದಾರಾ.

…

ಬಗ್ಗಿದ್ರಾ. ಸರಿ. ಹೇಳಬೇಡ, ಸಾಕು. ಅದು ಅವರಿಬ್ಬರದ್ದು. ನಾನು ಇಲ್ಲಿ ಕಣ್ಣು ಮುಚ್ಚಿಕೊಂಡಿದೀನಿ.

…

ಹಲೋ? ಹಾಂ ಅಕ್ಕ, ಇದೀನಿ.

…

ನನಗಲ್ಲ, ಡಾಕ್ಟರಿಗೆ ಹೇಳಿ. ಶುರು ಮಾಡಿ ಅಂತ ಗಟ್ಟಿಯಾಗಿ ಹೇಳಿ. ಆ ಒಪ್ಪಿಗೆ ಕಾಗದ ವಾಪಸ್ ಕೊಟ್ಟುಬಿಡಿ.

…

ಕೇಳಿಸ್ತು. ನನಗೂ ಕೇಳಿಸ್ತು. ಔಷಧಿ ತರೋಕೆ ಸಿಸ್ಟರ್ ಹೊರಟ್ರಾ? ಅವರು ಓಡ್ತಾರೆ, ನೀವು ಚಿಂತೆ ಮಾಡಬೇಡಿ.

…

ಏನು?

…

ಸೋಮವಾರ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನೋಡಿದೆ.

…

ಹೌದು, ಇವತ್ತು ಶುಕ್ರವಾರ.

…

ಅದನ್ನ… ಅದನ್ನ ಹೇಳಬಾರದು ಅಂದಿದಾರೆ ಅಕ್ಕ.

…

ಡಾಕ್ಟರು. ನಿಮಗೆ ಇನ್ನೂ ನೋವಾಗುತ್ತೆ ಅಂತ ಅಷ್ಟೇ. ಅವರ ತಪ್ಪಿಲ್ಲ.

…

ಡಾಕ್ಟರ್ ಅಲ್ಲೇ ಪಕ್ಕದಲ್ಲಿದಾರಾ? ತಲೆ ಅಲ್ಲಾಡಿಸ್ತಿದಾರಾ ಬೇಡ ಅಂತ?

…

ನೀವು ನೇರವಾಗಿ ಕೇಳ್ತಿದೀರ. ಹೇಳದಿದ್ರೆ ಇನ್ನೊಂದು ಸಲ ಏನನ್ನೋ ನೋಡಿಯೂ ಬರೀದೇ ಬಿಟ್ಟ ಹಾಗಾಗುತ್ತೆ.

…

ಏಳು. ಸೋಮವಾರ ಆಗಿದ್ರೆ, ಹತ್ತರಲ್ಲಿ ಏಳು.

…

ಅಕ್ಕ?

…

ನಾನು ಮೆಟ್ಟಿಲು ಹತ್ತಿ ಬರ್ತೀನಿ. ಏನೂ ಮಾತಾಡಲ್ಲ, ಬಾಗಿಲ ಹತ್ತಿರ ನಿಂತಿರ್ತೀನಿ, ನೀವು ಬೇಡ ಅಂದ್ರೆ ಹೋಗಿಬಿಡ್ತೀನಿ… ಹಲೋ… ಫೋನ್ ಇಡಬೇಡಿ ಅಕ್ಕ, ನಾನು ನಿಮ್ಮ ತಂದೆ ಹೊಲಿದ ಕೋಟು…